ಪಕ್ಕ ಕೂತವರು

ಈ ಊರಿನಲ್ಲಿ ಒಬ್ಬರೇ ಇರುವ ಚಿತ್ರ ಬರೆದರೆ, ಅದರಲ್ಲಿರುವವರು ಮರುದಿನ ಬೆಳಗಾಗುವುದರೊಳಗೆ ನಮಗೆ ಬೆನ್ನು ತಿರುಗಿಸಿರುತ್ತಾರೆ. ಫೋಟೋ ತೆಗೆದರೂ ಅಷ್ಟೇ. ಅದಕ್ಕೇ ಇಲ್ಲಿ ಯಾರೂ ಒಬ್ಬರೇ ಪಟಕ್ಕೆ ಕೂರುವುದಿಲ್ಲ. ಶಾಲೆಗೆ ಸೇರುವ ಮಗು ಅಣ್ಣನನ್ನೋ ಅಕ್ಕನನ್ನೋ ಕರೆತರುತ್ತದೆ. ಹೆಂಚಿನ ಕಾರ್ಖಾನೆಗೆ ಸೇರುವವನು ದಾರಿಯಲ್ಲಿ ಸಿಕ್ಕ ಗೆಳೆಯನ ಹೆಗಲಿಗೆ ಕೈ ಹಾಕಿ ಎಳೆದುಕೊಂಡು ಬರುತ್ತಾನೆ. ಹೀಗೆ ಬರುವುದಕ್ಕೆ ಪಕ್ಕ ಕೂರುವುದು ಎನ್ನುತ್ತಾರೆ. ಊರಿನ ಪ್ರತಿಯೊಬ್ಬರ ಚೀಟಿಯಲ್ಲೂ ಎರಡು ಮುಖಗಳಿರುತ್ತವೆ. ಎಡಗಡೆ ಇರುವವರು ಚೀಟಿಯವರು, ಬಲಗಡೆ ಇರುವವರು ಪಕ್ಕ ಕೂತವರು. ಪಡಿತರದ ಅಂಗಡಿ, ಆಸ್ಪತ್ರೆ, ಕಾರ್ಖಾನೆಯ ಗೇಟು, ಎಲ್ಲ ಕಡೆಯೂ ಈ ಚೀಟಿ ತೋರಿಸಬೇಕು.

ಸತ್ತವರು ಮಾತ್ರ ತಿರುಗುವುದಿಲ್ಲ. ಅವರಿಗೆ ಅಲ್ಲಿ ಜೊತೆ ಸಿಕ್ಕಿರುತ್ತದೆ ಎಂದು ನಮ್ಮ ಅತ್ತೆ ಹೇಳುತ್ತಾರೆ. ಇಬ್ಬರಿರುವ ಪಟದಲ್ಲಿ ಒಬ್ಬರು ತೀರಿಕೊಂಡರೆ ಅವರು ಇದ್ದ ಹಾಗೆಯೇ ಇರುತ್ತಾರೆ. ಉಳಿದವರು ಆ ಕ್ಷಣವೇ ತಿರುಗುತ್ತಾರೆ.

ನನ್ನ ಗಂಡ ಮಲ್ಲಿನಾಥ ಮೂರು ದಿನದ ಜ್ವರದಲ್ಲಿ ಹೋದ. ನಾಲ್ಕನೆಯ ದಿನ ನಡುಮನೆಯಲ್ಲಿದ್ದ ಮದುವೆಯ ಫೋಟೋ ನೋಡಿದೆ. ಅವನು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಗುತ್ತಲೇ ಇದ್ದ. ಪಕ್ಕದಲ್ಲಿ ನನ್ನ ಬೆನ್ನಿತ್ತು. ಅಂದು ನನ್ನ ಅಕ್ಕ ಸೆರಗಿಗೆ ಹಿಂದಿನಿಂದ ಹಾಕಿದ್ದ ಸೇಫ್ಟಿ ಪಿನ್ನು, ಜಡೆಗೆ ಸುತ್ತಿದ್ದ ಮಲ್ಲಿಗೆ, ಇವನ್ನೆಲ್ಲ ನಾನು ಮೊದಲ ಸಲ ನೋಡಿದ್ದು ಆಗಲೇ. ಅಳು ಬರಲಿಲ್ಲ. ಪಿನ್ನು ವಾರೆಯಾಗಿದೆ ಎಂದುಕೊಂಡೆ.

ಊರಿನ ಚಾವಡಿಯಲ್ಲಿ ಪಟ ಬರೆಯುವುದು ನನ್ನ ಕೆಲಸ. ದೂರದ ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಚಿತ್ರಕಲೆ ಓದಿ, ಮದುವೆಯಾಗಿ ಇಲ್ಲಿಗೆ ಬಂದವಳು. ಬಂದ ತಿಂಗಳಲ್ಲೇ ಈ ಕೆಲಸ ಸಿಕ್ಕಿತು. ನಾನು ಮುಖದಿಂದ ಶುರು ಮಾಡುವುದಿಲ್ಲ. ಮೊದಲು ಇಬ್ಬರ ಭುಜಗಳ ನಡುವಿನ ಖಾಲಿ ಜಾಗವನ್ನು ಬರೆಯುತ್ತೇನೆ. ಅದು ಸರಿಯಾದರೆ ಮಿಕ್ಕದ್ದು ತಾನಾಗಿ ಬರುತ್ತದೆ. ತಾಯಿ ಮಗಳ ನಡುವೆ ಒಂದು ಆಕಾರ, ಹೊಸದಾಗಿ ಜಗಳವಾಡಿದ ಅಣ್ಣತಮ್ಮಂದಿರ ನಡುವೆ ಇನ್ನೊಂದು. ಮೊದಲೆಲ್ಲ ಆ ಖಾಲಿ ಜಾಗ ನೋಡುವುದಕ್ಕೆಂದೇ ಬೆಳಿಗ್ಗೆ ಬೇಗ ಹೋಗುತ್ತಿದ್ದೆ. ಮಲ್ಲಿನಾಥ ಹೋದ ಮೇಲೆಯೂ ಬರೆದೆ. ಕೈ ಬರೆಯುತ್ತಿತ್ತು. ಪೆನ್ಸಿಲು ಸವೆಯುತ್ತಿತ್ತು. ಅಷ್ಟೇ.

ಗಂಡಸರಿಗೆ ಪಕ್ಕ ಕೂರುವವರು ಸಿಗದೆ ಹೋಗುವುದಿಲ್ಲ. ಹೆಂಗಸರ ಮಾತು ಬೇರೆ. ಗಂಡನಿದ್ದವಳಿಗೆ ಗಂಡ ಕೂರುತ್ತಾನೆ. ಗಂಡ ಸತ್ತವಳು, ಗಂಡ ಬಿಟ್ಟವಳು, ವಯಸ್ಸು ಕಳೆದರೂ ಮದುವೆಯಾಗದವಳು, ಇವರನ್ನೆಲ್ಲ ಊರು ಬೆನ್ನಿನವರು ಎನ್ನುತ್ತದೆ. ಅವರ ಪಕ್ಕ ಕೂತರೆ ಆ ಹಣೆಬರಹ ತಮಗೂ ಅಂಟುತ್ತದೆ, ತಮಗಲ್ಲದಿದ್ದರೆ ತಮ್ಮ ಹೆಣ್ಣುಮಕ್ಕಳಿಗೆ ಅಂಟುತ್ತದೆ ಎಂದು ನಂಬಿಕೆ. ಹೆತ್ತ ತಾಯಿ ಕೂಡ ಹಿಂದೆಮುಂದೆ ನೋಡುತ್ತಾಳೆ. ಇಂಥವರ ಪಕ್ಕ ಕೂರುತ್ತಿದ್ದವಳು ಊರಿಗೆಲ್ಲ ಒಬ್ಬಳೇ, ಇಸ್ತ್ರಿ ದೇವೀರಮ್ಮ.

ದೇವೀರಮ್ಮನದು ಅಂಚೆ ಕಚೇರಿಯ ಎದುರಿನ ಒಂದು ಕೋಣೆಯ ಮನೆ. ಮುಂಭಾಗದಲ್ಲಿ ಇಸ್ತ್ರಿಯ ಮೇಜು. ಗಂಡ ಲಾರಿ ಓಡಿಸುತ್ತ ಇಪ್ಪತ್ತೇಳು ವರ್ಷಗಳ ಹಿಂದೆ ಹೋದವನು, ಬಂದಿರಲಿಲ್ಲ. ಎಲ್ಲೋ ಇದ್ದಾನೆ, ಇವತ್ತಲ್ಲ ನಾಳೆ ಬರುತ್ತಾನೆ ಎಂದು ಅವಳು ಹೇಳುತ್ತಿದ್ದಳು. ದೊಡ್ಡ ಕುಂಕುಮ ಇಡುತ್ತಿದ್ದಳು. ಹಾಗಾಗಿ ಅವಳು ಮುತ್ತೈದೆ. ಯಾವ ಬೆನ್ನಿನವಳು ಬಂದು ಬಾಗಿಲಲ್ಲಿ ನಿಂತರೂ ಇಸ್ತ್ರಿ ಪೆಟ್ಟಿಗೆಯನ್ನು ಕಲ್ಲಿನ ಮೇಲಿಟ್ಟು, ಕೈ ಒರೆಸಿಕೊಂಡು, ನಡಿ ಎಂದು ಚಾವಡಿಗೆ ಬರುತ್ತಿದ್ದಳು. ಎರಡು ಗಂಟೆ ಅಲುಗದೆ ಕೂರುವಳು. ವಾಪಸು ಹೋಗುವಷ್ಟರಲ್ಲಿ ಕೆಂಡ ಆರಿರುತ್ತಿತ್ತು.

ನಾನು ಅವಳನ್ನು ಕೇಳಿರಲಿಲ್ಲ. ನನ್ನ ಚೀಟಿ ಬೆನ್ನಾಗಿ ಹದಿನಾಲ್ಕು ತಿಂಗಳಾಗಿತ್ತು. ಮನೆಯ ಪಡಿತರ ಅತ್ತೆಯ ಚೀಟಿಯಲ್ಲಿ ಬರುತ್ತಿತ್ತು. ಚಾವಡಿಯ ಗುಮಾಸ್ತ ವಾಸಣ್ಣ, "ಹೋದ ಸಲ ಹೆಂಗೋ ಬಿಟ್ಟೆ, ಈ ವರ್ಷದ ತಪಾಸಣೆಯೊಳಗೆ ಯಾರನ್ನಾದ್ರೂ ಕೂರಿಸ್ಕೊಂಡು ಬರ್ಕೊಂಡುಬಿಡಿ ಅಮ್ಮ. ಪಟ ಬರೆಯೋರ ಪಟಾನೇ ಹೀಗಿದ್ರೆ ಹೆಂಗೆ" ಎಂದು ಎರಡು ಸಲ ಹೇಳಿದ್ದರು. ಆಯಿತು ಎಂದಿದ್ದೆ. ಬೇಡವೆಂದಲ್ಲ. ಬೇಕು ಎಂದು ಅನ್ನಿಸಿರಲಿಲ್ಲ.

ಮಾಘದ ಒಂದು ಬೆಳಿಗ್ಗೆ ದೇವೀರಮ್ಮ ಚಾವಡಿಯ ಐದು ಮೆಟ್ಟಿಲು ಹತ್ತಲು ಮೂರು ಸಲ ನಿಂತಳು. ಕಾಲು ಊದಿಕೊಂಡಿದ್ದವು. ನಾನು ಕುರ್ಚಿ ಸರಿಸಿದೆ.

"ಇವತ್ತು ಯಾರ ಪಕ್ಕ, ದೇವೀರಮ್ಮ?"

"ಯಾರ ಪಕ್ಕಾನೂ ಅಲ್ಲ ಕಣಮ್ಮ. ನಾನು ಎಷ್ಟು ಜನರ ಪಕ್ಕ ಕೂತಿದೀನಿ, ಪುಸ್ತಕ ನೋಡಿ ಹೇಳು."

ವಾಸಣ್ಣ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ಪುಟ ತಿರುವಿದರು. ಈಗ ಬದುಕಿರುವವರು ನಲವತ್ತೊಂದು ಜನ.

"ಅಷ್ಟೊಂದಾ" ಎಂದಳು ದೇವೀರಮ್ಮ. ಕುರ್ಚಿಗೆ ಒರಗಿದಳು. "ಡಾಕ್ಟರು ಹೃದಯ ದೊಡ್ಡದಾಗಿದೆ ಅಂದ್ರು. ನಮ್ಮತ್ತೆ ಇದ್ದಿದ್ರೆ ಬಿದ್ದು ಬಿದ್ದು ನಗ್ತಿದ್ಲು."

"ಏನಂತೆ, ವಾಸಿ ಆಗತ್ತಂತಾ?"

"ಈ ಸಲ ಮಾವಿನಕಾಯಿ ಉಪ್ಪಿನಕಾಯಿ ಹಾಕಬೋದು. ತಿನ್ನೋಕೆ ಆಗಲ್ಲ." ನಂತರ ನನ್ನ ಕಡೆ ತಿರುಗಿದಳು. "ನಾನು ಹೋದ ದಿನ ನಲವತ್ತೊಂದು ಚೀಟೀನೂ ಬೆನ್ನಾಗತ್ತೆ. ಎಲ್ಲರ ಮನೇಲೂ ನನ್ನ ಮುಖವೇ ಎದ್ದು ಕಾಣ್ತಾ ಕೂತಿರತ್ತೆ. ನಾಳೆಯಿಂದ ಆ ಹೆಣ್ಮಕ್ಕಳನ್ನ ಗೇಟಲ್ಲಿ ಯಾರು ಬಿಡ್ತಾರೆ? ಅಕ್ಕಿ ಯಾರು ಕೊಡ್ತಾರೆ? ಅದಕ್ಕೊಂದು ದಾರಿ ನೋಡು. ನೀನು ಓದಿದೋಳು."

ಓದಿದವಳು. ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳ ಒಗ್ಗಟ್ಟಿನ ಬಗ್ಗೆ ನಾನು ಪ್ರಬಂಧ ಬರೆದಿದ್ದೆ. ಮೆರವಣಿಗೆಗಳಿಗೆ ಭಿತ್ತಿಪತ್ರ ಬರೆದುಕೊಟ್ಟಿದ್ದೆ. ಸಾಲಾಗಿ ಹೆಂಗಸರು, ಒಬ್ಬರ ಕೈಯಲ್ಲಿ ಒಬ್ಬರ ಕೈ. ಬೇಗ ಮುಗಿಸಬೇಕೆಂದು ಎಲ್ಲರಿಗೂ ಒಂದೇ ಮುಖ ಹಾಕಿದ್ದೆ. ಯಾರೂ ಅದನ್ನು ತಪ್ಪು ಎನ್ನಲಿಲ್ಲ.

ಆ ಭಾನುವಾರ ನಲವತ್ತೊಂದು ಜನರಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ದೇವೀರಮ್ಮನ ಮನೆಗೆ ಬಂದರು. ಕೋಣೆಯಲ್ಲಿ ಹಿಡಿಸದೆ ಬೀದಿಯಲ್ಲೂ ನಿಂತರು. ವಿಷಯ ಹೇಳಿದೆ. ಒಬ್ಬರ ಪಕ್ಕ ಒಬ್ಬರು ಕೂತು ಹೊಸ ಪಟ ಬರೆಸಿಕೊಳ್ಳಿ, ತಪಾಸಣೆಗೆ ಇನ್ನೂ ಎರಡು ತಿಂಗಳಿದೆ, ನಾನು ಬರೆದು ಮುಗಿಸುತ್ತೇನೆ ಎಂದೆ.

ಮೊದಲು ಮಾತಾಡಿದವಳು ನೀಲಗಂಗ. ಕಾರ್ಖಾನೆಯಲ್ಲಿ ಹಸಿ ಹೆಂಚು ಹೊರುವವಳು. ಗಂಡ ಬೇರೆ ಸಂಸಾರ ಹೂಡಿದ್ದಾನೆ. "ಇಬ್ರು ಬೆನ್ನಿನೋರು ಒಂದೇ ಪಟದಲ್ಲಾ? ನನ್ನ ತಲೆ ಮೇಲಿರೋದೇ ಸಾಲದು ಅಂತ ಇನ್ನೊಬ್ಬಳದೂ ಹೊರಲಾ?"

"ಹೆಂಚು ಹೊರೋಳಿಗೆ ಅದೇನು ಭಾರ" ಎಂದು ಹಿಂದಿನಿಂದ ಯಾರೋ ಅಂದರು.

"ನೀನೇ ಬಾರೆ ಹಂಗಾದ್ರೆ. ಕೂರು ನನ್ನ ಪಕ್ಕ." ನೀಲಗಂಗ ಆ ದನಿಯ ಕಡೆ ತಿರುಗಿದಳು.

ಟೈಲರ್ ಫರೀದಾ ಬಾಗಿಲ ಬಳಿ ನಿಂತಿದ್ದಳು. ಗಂಡ ಸತ್ತು ಒಂಬತ್ತು ವರ್ಷ, ಮೂವರು ಹೆಣ್ಣುಮಕ್ಕಳು. ಅವಳು ಮೆಲ್ಲಗೆ ಹೇಳಿದಳು. "ನನಗೆ ಭಯ ಇಲ್ಲ ಕುಮುದಕ್ಕ. ನನ್ನ ಕಥೆ ಮುಗೀತು. ಚಿಕ್ಕೋಳಿಗೆ ಈಗ ಗಂಡು ನೋಡ್ತಿದೀವಿ. ನಾನು ಇನ್ನೊಬ್ಬ ಬೆನ್ನಿನೋಳ ಜೊತೆ ಪಟದಲ್ಲಿದೀನಿ ಅಂತ ಗೊತ್ತಾದ್ರೆ ಆ ಮನೆಯೋರು ಬರ್ತಾರಾ? ಹೇಳು."

ಕಮಲಾಕ್ಷಿ ಟೀಚರು ಕನ್ನಡಕ ಒರೆಸುತ್ತ, "ಇದು ಮೂಢನಂಬಿಕೆ ಅಂತ ನನಗೆ ಗೊತ್ತು" ಎಂದರು. ಅವರಿಗೆ ಐವತ್ತೆರಡು, ಮದುವೆಯಾಗಿಲ್ಲ. "ಆದ್ರೂ ದೇವೀರಮ್ಮನ ಹಾಗೆ ಇನ್ನೊಬ್ಬ ಮುತ್ತೈದೆ ಸಿಕ್ಕಿದ್ರೆ ಒಳ್ಳೇದಿತ್ತು." ಒಬ್ಬೊಬ್ಬರಾಗಿ ಹೊರಟರು. ಸಿಟ್ಟಿನಿಂದಲ್ಲ. ಮನೆಯಲ್ಲಿ ಕೆಲಸವಿದೆ ಎನ್ನುವ ಹಾಗೆ.

ದೇವೀರಮ್ಮ ಅಷ್ಟೂ ಹೊತ್ತು ಗೋಡೆಗೆ ಒರಗಿ ಕೂತಿದ್ದಳು. ಎಲ್ಲರೂ ಹೋದ ಮೇಲೆ, "ಆ ಇದ್ದಿಲ ಮೂಟೆ ಪಕ್ಕಕ್ಕೆ ಎಳಿ" ಎಂದಳು. ಎಳೆದೆ. ಅದರ ಹಿಂದೆ ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಹಳೆಯ ಟವಲಿನಲ್ಲಿ ಸುತ್ತಿದ ಚೌಕಟ್ಟು. ಬಿಚ್ಚಿದೆ. ಅವಳ ಮದುವೆಯ ಫೋಟೋ. ಮೀಸೆಯ ಹುಡುಗನೊಬ್ಬ ಗಂಭೀರವಾಗಿ ನಮ್ಮನ್ನು ನೋಡುತ್ತಿದ್ದ. ಅವನ ಪಕ್ಕದಲ್ಲಿ ಒಂದು ಹೆಣ್ಣಿನ ಬೆನ್ನು.

"ಯಾವಾಗ?" ಎಂದೆ.

"ಅವನು ಹೋದ ಮುಂದಿನ ವರ್ಷಾನೇ. ಬೆಳಿಗ್ಗೆ ಕಸ ಹೊಡೀತಾ ತಲೆ ಎತ್ತಿ ನೋಡ್ದೆ. ತಿರುಗಿದ್ದೆ. ಎಲ್ಲಿ ಸತ್ತ, ಹೆಂಗೆ ಸತ್ತ, ಯಾರು ಮಣ್ಣು ಹಾಕಿದ್ರು, ಏನೂ ಗೊತ್ತಿಲ್ಲ. ಆ ಪಟಾನೇ ನನಗೆ ಬಂದ ಸಾವಿನ ಕಾಗದ." ಅವಳು ಫೋಟೋದ ಗಾಜನ್ನು ಸೆರಗಿನಿಂದ ಒರೆಸಿದಳು. "ಯಾರಿಗೂ ಹೇಳ್ಲಿಲ್ಲ. ಪುಣ್ಯಕ್ಕೆ ಅಂತ ಅಲ್ಲ ಕಣಮ್ಮ, ಹಂಗೆ ತಿಳ್ಕೋಬೇಡ. ಹೇಳಿದ್ರೆ ಮದುವೆ ಮನೆ ಬಟ್ಟೆ ನನಗೆ ಯಾರು ಇಸ್ತ್ರಿಗೆ ಕೊಡ್ತಿದ್ರು? ಹೊಟ್ಟೆಗೋಸ್ಕರ ಬಚ್ಚಿಟ್ಟೆ. ನನ್ನ ಚೀಟಿಗೆ ನಮ್ಮಕ್ಕ ಕೂತಿದ್ಲು, ನಡೀತಿತ್ತು. ಆಮೇಲೆ ಒಂದಿನ ಒಬ್ಬಳು ಹುಡುಗಿ ಬಂದು, ಅಮ್ಮಾ ನೀನು ಮುತ್ತೈದೆ, ನನ್ನ ಪಕ್ಕ ಕೂರ್ತೀಯಾ ಅಂದ್ಲು. ಇಲ್ಲ ಅಂದ್ರೆ ಯಾಕೆ ಅಂತ ಹೇಳಬೇಕು. ಹೋಗಿ ಕೂತೆ."

"ಭಯ ಆಗಲಿಲ್ವಾ? ಅವಳಿಗೆ ಏನಾದ್ರೂ ಆದ್ರೆ ಅಂತ?"

"ಆಯ್ತು. ಒಂದು ವರ್ಷ ನಿದ್ದೆ ಮಾಡ್ಲಿಲ್ಲ. ಅವಳಿಗೆ ನೆಗಡಿ ಬಂದ್ರೂ ಹೋಗಿ ನೋಡ್ಕೊಂಡು ಬರ್ತಿದ್ದೆ. ಏನೂ ಆಗ್ಲಿಲ್ಲ. ಎರಡನೆಯೋಳು ಬಂದ್ಲು, ಮೂರನೆಯೋಳು. ಆಮೇಲೆ ಭಯ ಬೇಜಾರಾಗಿ ತಾನೇ ಹೋಯ್ತು." ಅವಳು ಫೋಟೋ ನನ್ನ ಕೈಗೆ ಕೊಟ್ಟಳು. "ಇನ್ನೊಂದ್ಸಲ ಕರಿ ಎಲ್ಲರನ್ನೂ."

"ಅವರು ನಿಮ್ಮನ್ನು ಬಯ್ಯುತ್ತಾರೆ."

"ಬಯ್ಯಲಿ. ಕೇಳಿಸ್ಕೊಳ್ಳೋಕೆ ಇನ್ನು ಎಷ್ಟು ದಿನ ಇರ್ತೀನಿ."

ಬಯ್ದರು. ಮುಂದಿನ ಭಾನುವಾರ ಫೋಟೋ ಕೈಯಿಂದ ಕೈಗೆ ಹೋಯಿತು. ಕಮಲಾಕ್ಷಿ ಟೀಚರು ಎದ್ದು ನಿಂತು, "ಇಪ್ಪತ್ತು ವರ್ಷದ ಹಿಂದೆ ನಾನು ನಿಮ್ಮ ಕಾಲು ಮುಟ್ಟಿ ನಮಸ್ಕಾರ ಮಾಡಿ ಪಟಕ್ಕೆ ಕೂತಿದ್ದೆ. ಆಗಲಾದರೂ ಹೇಳಬಹುದಿತ್ತು" ಎಂದು ಹೊರಗೆ ಹೋಗಿಬಿಟ್ಟರು. ನೀಲಗಂಗ ಫೋಟೋವನ್ನು ತಿರುಗಿಸಿ ಹಿಂಭಾಗ ನೋಡಿದಳು, ಅಲ್ಲಿ ಇನ್ನೇನೋ ಬರೆದಿರಬಹುದು ಎನ್ನುವಂತೆ. "ಮೋಸಗಾತಿ ಕಣೆ ನೀನು. ನಿನ್ನ ಕುಂಕುಮ ನೋಡಿ ನೋಡಿ ನನ್ನ ಹೊಟ್ಟೆ ಎಷ್ಟು ಉರೀತಿತ್ತು ಗೊತ್ತಾ."

"ಗೊತ್ತು" ಎಂದಳು ದೇವೀರಮ್ಮ. "ನಿನ್ನ ಮುಖದಲ್ಲೇ ಕಾಣ್ತಿತ್ತು."

ಆಗ ಫರೀದಾ ಬೆರಳು ಮಡಿಸಿ ಎಣಿಸುತ್ತಿದ್ದಳು. "ತಡೀರಿ. ದೇವೀರಕ್ಕ ನನ್ನ ಪಕ್ಕ ಕೂತಿದ್ದು ನಮ್ಮೋರು ಹೋದ ವರ್ಷ. ಆಮೇಲೆ ದೊಡ್ಡೋಳ ಮದುವೆ ಆಯ್ತು. ಅಳಿಯ ಚೆನ್ನಾಗಿದಾನೆ. ಎರಡನೆಯೋಳದೂ ಆಯ್ತು, ಮೊಮ್ಮಗ ಹುಟ್ಟಿದ." ಅವಳು ತಲೆ ಎತ್ತಿದಳು. "ನಾನು ಒಂಬತ್ತು ವರ್ಷದಿಂದ ಬೆನ್ನಿನೋಳ ಪಕ್ಕಾನೇ ಇದ್ದೆ. ಏನಾಯ್ತು?"

ಬಹಳ ಜನ ತಮ್ಮ ತಮ್ಮಲ್ಲೇ ಬೆರಳು ಮಡಿಸುತ್ತಿದ್ದದ್ದು ನನಗೆ ಕಂಡಿತು. ಕಾಯಿಲೆಗಳನ್ನು ಎಣಿಸುತ್ತಿದ್ದರು, ಹೆರಿಗೆಗಳನ್ನು ಎಣಿಸುತ್ತಿದ್ದರು. ಎಲ್ಲರ ಮನೆಯಂತೆಯೇ ಅವರ ಮನೆಯಲ್ಲೂ ನಡೆದದ್ದು ನಡೆದಿತ್ತು.

"ಸರಿ, ಯಾರ ಪಕ್ಕ ಯಾರು?" ಎಂದಳು ನೀಲಗಂಗ. ಬೈಗುಳ ಮುಗಿದದ್ದು ಹಾಗೆ.

ಕಮಲಾಕ್ಷಿ ಟೀಚರು ಹೊರಗೆ ಹೋದವರು ಬಾಗಿಲ ಆಚೆಯೇ ನಿಂತಿದ್ದರೆಂದು ಕಾಣುತ್ತದೆ. ಅಲ್ಲಿಂದಲೇ ಹೇಳಿದರು. "ನಲವತ್ತೊಂದು ಬೆಸ. ಇಪ್ಪತ್ತು ಜೋಡಿ ಮಾಡಿದ್ರೆ ಒಬ್ಬಳು ಉಳೀತಾಳೆ."

"ನಾನಂತೂ ಉಳಿಯಲ್ಲ" ಎಂದರು ಮೂರು ನಾಲ್ಕು ಜನ ಒಟ್ಟಿಗೆ.

"ನೀವೇ ಉಳ್ಕೊಳ್ಳಿ ಟೀಚರ್" ಎಂದಳು ನೀಲಗಂಗ. "ನನ್ನನ್ನ ಮೂರನೇ ಕ್ಲಾಸಲ್ಲಿ ಉಳಿಸಿದ್ರಲ್ಲ."

"ನೀನು ಏಳರ ಮಗ್ಗಿ ಹೇಳಲಿಲ್ಲ."

"ಈಗ್ಲೂ ಹೇಳಲ್ಲ."

"ಜಗಳ ಬಿಡಿ" ಎಂದಳು ಫರೀದಾ. "ಒಂದು ಪಟದಲ್ಲಿ ಮೂರು ಜನ ಕೂತ್ಕೊಳ್ಳಿ. ಲೆಕ್ಕ ಸರಿಯಾಗತ್ತೆ."

"ಮೂರು ಜನ ಇದ್ರೆ ಒಬ್ಬಳು ಸತ್ರೂ ಇನ್ನಿಬ್ರು ತಿರುಗಲ್ಲ" ಎಂದಳು ಅವಳ ಪಕ್ಕದಲ್ಲಿದ್ದವಳು.

"ಹಂಗಾದ್ರೆ ನನಗೂ ಮೂರು ಜನರದೇ ಬೇಕು."

"ನನಗೂ."

ನಾನು ಗೋಡೆಯ ಬಳಿ ಕೂತು ಅವರನ್ನು ನೋಡುತ್ತಿದ್ದೆ. ಕೋಣೆಯಲ್ಲಿ ಭುಜಕ್ಕೆ ಭುಜ ತಾಗುವಷ್ಟು ಜನ. ಆದರೂ ಎಲ್ಲರ ನಡುವೆ ಸಣ್ಣ ಸಣ್ಣ ಖಾಲಿ ಜಾಗಗಳಿದ್ದವು. ಒಂದು ಮೊಣಕೈಯಷ್ಟು, ಒಂದು ಸೆರಗಿನ ಅಂಚಿನಷ್ಟು. ಒಂದು ಇನ್ನೊಂದರ ಹಾಗಿರಲಿಲ್ಲ. ಅವನ್ನು ಬರೆಯಬೇಕು ಅನ್ನಿಸಿತು. ಹಸಿವಾದಾಗ ಆಗುವ ಹಾಗೆ, ಹೊಟ್ಟೆಯಲ್ಲಿ. ಹದಿನಾಲ್ಕು ತಿಂಗಳಲ್ಲಿ ಏನಾದರೂ ಬೇಕು ಅನ್ನಿಸಿದ್ದು ಅದೇ ಮೊದಲು. ಅದು ಏನೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಎಲ್ಲರನ್ನೂ ಒಂದೇ ಪಟದಲ್ಲಿ ಬರೆಯುತ್ತೇನೆ" ಎಂದೆ.

ಈ ಊರಿನಲ್ಲಿ ಇಷ್ಟು ಕಾಲದಿಂದ ಯಾರಿಗೂ ಅದು ಹೊಳೆದಿರಲಿಲ್ಲ. ನನಗೂ. ಚೀಟಿಯಲ್ಲಿ ಇಬ್ಬರಿಗೆ ಮಾತ್ರ ಜಾಗವಿತ್ತು, ಹಾಗಾಗಿ ಎಲ್ಲರೂ ಇಬ್ಬರನ್ನೇ ಯೋಚಿಸುತ್ತಿದ್ದೆವು.

"ಅಷ್ಟು ದೊಡ್ಡ ಕಾಗದ ಎಲ್ಲಿದೆ?" ಎಂದು ಯಾರೋ ಕೇಳಿದರು. ದೇವೀರಮ್ಮ ಇಸ್ತ್ರಿ ಮೇಜಿನ ಕಡೆ ಕೈ ತೋರಿಸಿದಳು. ಮೇಜಿನ ಮೇಲೆ ಮಡಿಸಿ ಹಾಸಿದ್ದ ಬಿಳಿ ದುಪ್ಪಟಿ. ಬಿಚ್ಚಿದರೆ ಗೋಡೆಯಷ್ಟು ಅಗಲ. ಅಲ್ಲಲ್ಲಿ ಇಸ್ತ್ರಿ ಪೆಟ್ಟಿಗೆ ಕೂತು ಸುಟ್ಟ ಕಂದು ಗುರುತುಗಳು. ಫರೀದಾ ಹರಿದ ಅಂಚುಗಳನ್ನು ಮಡಿಸಿ ಹೊಲಿದಳು. ನೀಲಗಂಗ ಗಂಜಿ ಕಾಯಿಸಿದಳು. ದೇವೀರಮ್ಮ, ಬೇಡವೆಂದರೂ ಕೇಳದೆ, ಗಂಜಿ ಹಾಕಿದ ದುಪ್ಪಟಿಯನ್ನು ತಾನೇ ಇಸ್ತ್ರಿ ಮಾಡಿದಳು. ನಾಲ್ಕು ಸಲ ಕೂತು ಕೂತು ಮಾಡಿದಳು. ಅದು ಕಾಗದದ ಹಾಗೆ ಸಪಾಟಾಯಿತು.

ಇಪ್ಪತ್ತಮೂರು ದಿನ ಬರೆದೆ. ಮೊದಲ ದಿನವೇ ಇಬ್ಬರನ್ನು ಮುಗಿಸಬೇಕಿತ್ತು, ಇಲ್ಲದಿದ್ದರೆ ಒಬ್ಬಳೇ ಇದ್ದವಳು ಬೆಳಿಗ್ಗೆ ತಿರುಗಿರುತ್ತಿದ್ದಳು. ಆಮೇಲೆ ಆ ಚಿಂತೆ ಇರಲಿಲ್ಲ. ಕಾರ್ಖಾನೆಯವರು ಪಾಳಿ ಮುಗಿಸಿ ಕೆಂಪು ಮಣ್ಣಿನ ಕೈಯಲ್ಲೇ ಬಂದರು. ಕೂತವರು ಸುಮ್ಮನೆ ಕೂರಲಿಲ್ಲ. ಅವರೆಕಾಳು ಸುಲಿದರು, ದೂರು ಹೇಳಿದರು. ನನ್ನ ಮೂಗು ಹಾಗಿಲ್ಲ ಎಂದು ತಕರಾರು ಮಾಡಿದರು. ಕಮಲಾಕ್ಷಿ ಟೀಚರು ಅಕಾರಾದಿಯಲ್ಲಿ ಕೂರಿಸಬೇಕೆಂದರು. "ಇದೇನು ಹಾಜರಿ ಪುಸ್ತಕನಾ" ಎಂದಳು ನೀಲಗಂಗ. ಕೊನೆಗೆ ಎತ್ತರ ನೋಡಿ ಸಾಲು ಮಾಡಿದಾಗ ಅವರಿಬ್ಬರೇ ಪಕ್ಕಪಕ್ಕ ಬಂದರು. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಒಂದು ಮಧ್ಯಾಹ್ನ ಪೂರ್ತಿ ಕೂತರು. ಅವರ ಭುಜಗಳ ನಡುವೆ ನಾಲ್ಕು ಬೆರಳಿನಷ್ಟು ಜಾಗ. ಅದನ್ನು ನಾಲ್ಕೇ ಬೆರಳು ಬರೆದೆ, ಮೂರು ಮಾಡಲಿಲ್ಲ.

ಬರೆಯುತ್ತ ನನ್ನ ಹಳೆಯ ಭಿತ್ತಿಪತ್ರಗಳು ನೆನಪಾದವು. ಅವುಗಳಲ್ಲಿ ಎಲ್ಲರೂ ಕೈ ಹಿಡಿದಿದ್ದರು, ಎಲ್ಲರೂ ಒಬ್ಬರನ್ನೊಬ್ಬರು ಪ್ರೀತಿಸುತ್ತಿದ್ದ ಹಾಗೆ ಕಾಣುತ್ತಿದ್ದರು. ಇವರು ಪ್ರೀತಿಸುತ್ತಿರಲಿಲ್ಲ. ಕೆಲವರಿಗೆ ಕೆಲವರ ಮುಖ ಕಂಡರೆ ಆಗುತ್ತಿರಲಿಲ್ಲ. ಆದರೂ ಪಾಳಿ ಮುಗಿಸಿ, ಒಲೆ ಆರಿಸಿ ಬಂದು, ಪಕ್ಕದವಳಿಗೋಸ್ಕರ ಎರಡು ಗಂಟೆ ಕೂರುತ್ತಿದ್ದರು. ಪ್ರೀತಿ ಇದ್ದರೆ ಒಳ್ಳೆಯದು. ಅದು ಇಲ್ಲದಿದ್ದಾಗಲೂ ಜಾಗ ಬಿಟ್ಟು ಏಳದೆ ಕೂರುವುದು ದೊಡ್ಡದು ಎಂದು ನನಗೆ ಈಗ ಅನ್ನಿಸುತ್ತದೆ. ಆ ಪ್ರಬಂಧವನ್ನು ಇನ್ನೊಮ್ಮೆ ಬರೆಯಬೇಕಾಗಿ ಬಂದರೆ ಇಷ್ಟೇ ಬರೆದು ಮುಗಿಸುತ್ತೇನೆ.

ದೇವೀರಮ್ಮ ಕೊನೆಗೆ ಕೂತಳು. ನಡುವೆ ಕೂರಿ ಎಂದರೆ ಕೇಳಲಿಲ್ಲ. "ಬದುಕಿರೋರು ಒತ್ತಾಗಿ ಕೂರಲಿ, ನನಗೆ ಅಂಚು ಸಾಕು" ಎಂದಳು. ಅಂದು ಕುಂಕುಮ ಅಳಿಸಲಾ ಎಂದು ಕೇಳಿದಳು. ನಿಮಗೆ ಹೇಗೆ ಬೇಕೋ ಹಾಗೆ ಎಂದೆ. ಹಣೆ ಮುಟ್ಟಿ ನೋಡಿಕೊಂಡು, "ಇರಲಿ, ಅಭ್ಯಾಸ ಆಗಿದೆ" ಎಂದಳು.

ಅವಳ ಮುಖ ಮುಗಿಸಿ ಪೆನ್ಸಿಲು ಕೆಳಗಿಟ್ಟೆ. ಅವಳ ಮತ್ತು ಅವಳ ಎಡಗಡೆ ಇದ್ದ ಫರೀದಾಳ ನಡುವೆ ಒಬ್ಬರು ಕೂರುವಷ್ಟು ಜಾಗ ಉಳಿದಿತ್ತು. ಅಳತೆ ತಪ್ಪಿದೆ ಎಂದುಕೊಂಡೆ. ನಾನು ಅಂಥ ತಪ್ಪು ಮಾಡುವವಳಲ್ಲ.

"ತಪ್ಪಲ್ಲ. ನಾನೇ ಆ ಕಡೆ ಸರಿದು ಕೂತೆ" ಎಂದಳು ದೇವೀರಮ್ಮ. "ನೀನೆಲ್ಲಿ ಇದರಲ್ಲಿ?"

"ಕನ್ನಡಿ ನೋಡಿಕೊಂಡು ಆಮೇಲೆ ಬರೆದುಕೊಳ್ಳುತ್ತೇನೆ."

"ಆಮೇಲೆ ಅಂತ ನೀನು ಬರ್ಕೊಳ್ಳೋಳಲ್ಲ" ಎಂದಳು ನೀಲಗಂಗ. "ಕೂತ್ಕೊ ಇಲ್ಲಿ. ಪಟಕ್ಕೆ ಕೂತೋರು ಪೆನ್ಸಿಲ್ ಮುಟ್ಟಬಾರದು ಅಂತ ನೀನೇ ಹೇಳ್ತಿದ್ದೆ."

ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಫರೀದಾ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು, ಟೇಪು ಹಿಡಿದು ನನ್ನ ಭುಜ ಅಳೆದು, ರವಿಕೆ ಕತ್ತರಿಸುವಷ್ಟು ನಿಖರವಾಗಿ ಭುಜದ ಗೆರೆ ಎಳೆದಳು. ಆಮೇಲೆ ಅದರ ಮೇಲೆ ಪೆನ್ಸಿಲಿನಲ್ಲಿ ತಿದ್ದಿದಳು. ಕಮಲಾಕ್ಷಿ ಟೀಚರು ಕಣ್ಣು ಬರೆದರು, ವಿಜ್ಞಾನದ ಪಾಠದಲ್ಲಿ ಬೋರ್ಡಿನ ಮೇಲೆ ಬರೆಯುವ ಕಣ್ಣು, ಒಂದೊಂದು ರೆಪ್ಪೆಕೂದಲೂ ಸಮದೂರದಲ್ಲಿ. ಮೂಗು ಬಾಯಿ ನೀಲಗಂಗನದು.

"ಬಾಯಿ ಸ್ವಲ್ಪ ಅಲ್ಲಾಡಿಸೆ. ಹೆಂಗಿದೆ ಅಂತ ಮರ್ತೇಹೋಗಿದೆ ನಮಗೆ."

"ಏನು ಹೇಳಲಿ?"

"ಏನಾದ್ರೂ ಹೇಳು. ನಿನ್ನ ಗಂಡ ಹೆಂಗಿದ್ದ ಹೇಳು."

ಯಾರೂ ನನ್ನನ್ನು ಅದನ್ನು ಕೇಳಿರಲಿಲ್ಲ. ಹೇಗೆ ಸತ್ತ ಎಂದು ಕೇಳಿದ್ದರು. "ಗಡಿಯಾರದ ಹಾಗೆ ಗೊರಕೆ ಹೊಡೀತಿದ್ದ" ಎಂದೆ. "ಹಾಲಿನ ಕೆನೆ ಕಂಡ್ರೆ ಆಗ್ತಿರಲಿಲ್ಲ. ಸೋಸಿ ಕೊಟ್ರೂ ಲೋಟದೊಳಗೆ ಹುಡುಕ್ತಿದ್ದ." ಮುಂದಕ್ಕೂ ಏನೋ ಹೇಳಿದೆ. ಎಷ್ಟು ಹೊತ್ತು ಹೇಳಿದೆನೋ ಗೊತ್ತಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅವರು ಬರೆಯುತ್ತಲೇ ಇದ್ದರು, ಯಾರೂ ಸಮಾಧಾನ ಹೇಳಲು ಬರಲಿಲ್ಲ. ಕೊನೆಗೆ ದೇವೀರಮ್ಮ ಒಂದು ಕಿವಿ ಬರೆದಳು. ಕಿವಿ ದೊಡ್ಡದಾಯಿತು.

ದುಪ್ಪಟಿಯನ್ನು ಚಾವಡಿಗೆ ಒಯ್ದಾಗ ವಾಸಣ್ಣ ಎರಡೂ ಕೈಯಿಂದ ತಲೆ ಹಿಡಿದುಕೊಂಡರು. "ಇದನ್ನ ಚೀಟಿಗೆ ಹೆಂಗಮ್ಮಾ ಅಂಟಿಸ್ಲಿ? ಮುಖಮುಖ ಕತ್ತರಿಸಿ ಕೊಡಿ."

"ಕತ್ತರಿಸಿದ್ರೆ ಮತ್ತೆ ಒಂಟಿ" ಎಂದಳು ಫರೀದಾ. ಅವಳೇ ಕತ್ತರಿಯವಳಾದ್ದರಿಂದ ಆ ಮಾತಿಗೆ ತೂಕ ಬಂತು. ಕಮಲಾಕ್ಷಿ ಟೀಚರು ನಿಯಮದ ಪುಸ್ತಕ ಕೇಳಿ ಪಡೆದು, ಗಟ್ಟಿಯಾಗಿ ಓದಿದರು. ಮುಖ ಎದುರಾಗಿರಬೇಕು, ಪಕ್ಕದಲ್ಲಿ ಯಾರಾದರೂ ಇರಬೇಕು ಎಂದಿತ್ತು. ಎಲ್ಲಿ ಅಂಟಿಸಬೇಕು ಎಂದಿರಲಿಲ್ಲ. ವಾಸಣ್ಣ ತಾವೂ ಒಮ್ಮೆ ಓದಿದರು. ತಪಾಸಣೆಯ ದಿನ ಮುಖಕ್ಕೆ ಮುಖ ಹೋಲಿಸಿ ನೋಡಿ, ಚೀಟಿಯಲ್ಲಿ ಚಾವಡಿಯ ಗೋಡೆ, ಇಂತಿಷ್ಟನೆಯವರು ಎಂದು ಬರೆದು ಮೊಹರು ಹಾಕುವುದೆಂದು ಒಪ್ಪಿದರು. "ಅಲ್ಲಿವರೆಗೆ ತಿರುಗದೆ ಇದ್ರೆ" ಎಂದೂ ಸೇರಿಸಿದರು.

ದೇವೀರಮ್ಮ ತಪಾಸಣೆಗೆ ಒಂಬತ್ತು ದಿನ ಮುಂಚೆ ಹೋದಳು. ಬೆಳಿಗ್ಗೆ ಹತ್ತೂಮುಕ್ಕಾಲಿಗೆ. ಸುದ್ದಿಯನ್ನು ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಕಾರ್ಖಾನೆಯಲ್ಲಿ, ಶಾಲೆಯಲ್ಲಿ, ಮನೆಗಳಲ್ಲಿ ನಲವತ್ತೊಂದು ಹಳೆಯ ಚೀಟಿಗಳು ಒಟ್ಟಿಗೆ ಬೆನ್ನಾದವು. ನಾನು ಚಾವಡಿಯಲ್ಲಿದ್ದೆ. ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಫರೀದಾ ಓಡಿ ಬಂದಳು. ಅವಳ ಹಿಂದೆ ಉಳಿದವರು. ನೇರ ಹೋಗಿ ಗೋಡೆಗೆ ತೂಗುಹಾಕಿದ್ದ ದುಪ್ಪಟಿಯ ಮುಂದೆ ನಿಂತರು.

ಎಲ್ಲರೂ ಎದುರಿಗೇ ನೋಡುತ್ತಿದ್ದರು. ದೇವೀರಮ್ಮ ಅಂಚಿನಲ್ಲಿ, ಉಳಿದವರು ಸಾಲಾಗಿ. ಒಬ್ಬಳ ತಲೆಯೂ ಅಲುಗಿರಲಿಲ್ಲ. ನೀಲಗಂಗ ಗೋಡೆಯ ಬುಡದಲ್ಲಿ ಕೂತು ಅತ್ತಳು. ಆಮೇಲೆ ಎದ್ದು, ದೇವೀರಮ್ಮನ ಮಣ್ಣಿಗೆ ಯಾರು ಬರುತ್ತೀರಿ ಎಂದು ಕೇಳಿದಳು. ಎಲ್ಲರೂ ಹೋದೆವು.

ತಪಾಸಣೆಯ ದಿನ ನಾವು ನಲವತ್ತೆರಡು ಜನ ಚಾವಡಿಯಲ್ಲಿ ಸಾಲು ನಿಂತೆವು. ವಾಸಣ್ಣ ಒಬ್ಬೊಬ್ಬರ ಮುಖ ನೋಡಿ, ಗೋಡೆ ನೋಡಿ, ಮೊಹರು ಒತ್ತಿದರು. ಗೇಟಿನವನೂ ಪಡಿತರದ ಅಂಗಡಿಯವನೂ ಸಾಕ್ಷಿಗೆ ಬಂದಿದ್ದರು. ನನ್ನ ಸರದಿ ಕೊನೆಗೆ ಬಂತು. ವಾಸಣ್ಣ ಗೋಡೆ ನೋಡಿದರು, ಮತ್ತೆ ನನ್ನನ್ನು ನೋಡಿದರು. ಕನ್ನಡಕ ತೆಗೆದು ಹಾಕಿಕೊಂಡರು. ಪಾಠದ ಕಣ್ಣುಗಳು, ಹಸಿ ಹೆಂಚಿನ ಹಾಗೆ ಅಗಲವಾದ ಮೂಗು, ಒಂದೇ ಒಂದು ಕಿವಿ, ಮಾತಿನ ನಡುವೆ ತೆರೆದು ನಿಂತ ಬಾಯಿ. ಭುಜ ಮಾತ್ರ ನೂಲಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

"ಹೋಲಿಕೆ ಆಗ್ತಾ ಇಲ್ಲವಲ್ಲಮ್ಮ" ಎಂದರು. "ಇದು ಯಾರು?"

ನನ್ನ ಹಿಂದೆ ಯಾರೋ ಉತ್ತರಿಸಲು ಬಾಯಿ ತೆರೆದದ್ದು ಗೊತ್ತಾಯಿತು. ಅವರನ್ನು ಕಾಯಲಿಲ್ಲ.

"ನಾನೇ" ಎಂದೆ.